ಅಕ್ಕ-ಭಾವನಿಗೆ ಊರು ತೋರಿಸಿದ್ದು

ಒಂದು ಊರಿನಲ್ಲಿ ಬಾಡಿಗೆ ಮನೆ ಹಿಡಿದು, ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಿ, ದಿನಾ ಕೆಲಸಕ್ಕೆ ಹೋಗಿ ಬರತೊಡಗಿದ ಮೇಲೆ ಆ ಊರನ್ನು ನೋಡುವ ಯೋಗ ಮನುಷ್ಯನಿಗೆ ತಪ್ಪಿಹೋಗುತ್ತದೆ ಎಂಬುದು ನನ್ನ ಅನುಭವ. ಊರು ನೋಡುವುದೇನಿದ್ದರೂ ಹೊರಗಿನಿಂದ ಬಂದವರ ಕೆಲಸ. ಅವರಿಗೆ ಎರಡೇ ದಿನ ಬಿಡುವಿರುತ್ತದೆ, ಆದ್ದರಿಂದ ಎಲ್ಲವನ್ನೂ ನೋಡಿ ಮುಗಿಸುತ್ತಾರೆ. ನಮಗೆ ಇಡೀ ಜನ್ಮವೇ ಬಿಡುವಿದೆ, ಹಾಗಾಗಿ ಏನನ್ನೂ ನೋಡುವುದಿಲ್ಲ. ನಾನು ರಾಮಮೂರ್ತಿ ನಗರದಲ್ಲಿದ್ದುಕೊಂಡು ಫ್ರೇಜರ್ ಟೌನಿನ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟರಾಗಿ ಇಪ್ಪತ್ತೇಳು ವರ್ಷವಾಯಿತು. ಈ ಅವಧಿಯಲ್ಲಿ ನಾನು ಕಣ್ತುಂಬ ನೋಡಿದ ಪ್ರೇಕ್ಷಣೀಯ ಸ್ಥಳ ಒಂದೇ, ಅದು ಟಿನ್ ಫ್ಯಾಕ್ಟರಿ ಸ್ಟಾಪಿನ ಟ್ರಾಫಿಕ್ಕು. ಅದನ್ನು ಮಾತ್ರ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಮುಕ್ಕಾಲು ಗಂಟೆ ನಿಂತ ಕಡೆಯೇ ನಿಂತು ನೋಡಿದ್ದೇನೆ.

ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಇದೆ. ಒಂಬತ್ತನೇ ತರಗತಿಯ ಮಕ್ಕಳಿಗೆ 'ನಾನು ಕಂಡ ಪ್ರೇಕ್ಷಣೀಯ ಸ್ಥಳ' ಎಂಬ ಪ್ರಬಂಧವನ್ನು ಪ್ರತಿವರ್ಷ ಬರೆಸುವವನು ನಾನೇ. ನಮ್ಮ ಶಾಲೆಯ ಮಕ್ಕಳ ಮನೆಯಲ್ಲಿ ದಖ್ಖನಿ ಉರ್ದು ಮಾತಾಡುತ್ತಾರೆ, ತಮಿಳು ಮಾತಾಡುತ್ತಾರೆ. ಕನ್ನಡದಲ್ಲಿ ಸ್ವಂತವಾಗಿ ಒಂದು ಪುಟ ಬರೆಯಿರಿ ಎಂದರೆ ಅವರಿಗೂ ಕಷ್ಟ, ತಿದ್ದುವ ನನಗೂ ಕಷ್ಟ. ಹಾಗಾಗಿ ನಾನೇ ಹೇಳಿ ಬರೆಸಿಬಿಡುತ್ತೇನೆ. ಮ್ಯೂಸಿಯಂ ಒಳಗೆ ಕಾಲಿಡುತ್ತಿದ್ದಂತೆ ಎರಡು ದೊಡ್ಡ ಆನೆದಂತಗಳು ನಮ್ಮನ್ನು ಸ್ವಾಗತಿಸುತ್ತವೆ ಎಂದು ಯಾವುದೋ ಒಂದು ವರ್ಷ ಹುಮ್ಮಸ್ಸಿನಲ್ಲಿ ಸೇರಿಸಿದೆ. ಆ ದಂತಗಳು ಇಂದಿಗೂ ಪ್ರತಿ ವಾರ್ಷಿಕ ಪರೀಕ್ಷೆಯಲ್ಲಿ ನಲವತ್ತು ಉತ್ತರಪತ್ರಿಕೆಗಳಲ್ಲಿ ಸ್ವಾಗತಿಸುತ್ತಲೇ ಇವೆ. ನಾನು ಆ ಮ್ಯೂಸಿಯಂ ಮೆಟ್ಟಿಲನ್ನೇ ಹತ್ತಿದವನಲ್ಲ.

ಇಂಥ ನನ್ನನ್ನು ಊರು ತೋರಿಸು ಎಂದು ಕೇಳಿದವರು ನನ್ನ ಭಾವ. ಮುಳಬಾಗಿಲಿನವರು, ಹೆಸರು ಮುನಿಸ್ವಾಮಿ, ನನ್ನ ಒಬ್ಬಳೇ ಅಕ್ಕನ ಗಂಡ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಮೂವತ್ತೊಂದು ವರ್ಷ ದುಡಿದು ರಿಟೈರಾಗಿದ್ದರು. ಆ ಮೂವತ್ತೊಂದರಲ್ಲಿ ಬಹುಪಾಲು ಮುಳಬಾಗಿಲು-ಬೆಂಗಳೂರು ಗಾಡಿಯಲ್ಲೇ ಕಳೆದಿತ್ತು. ದಿನಕ್ಕೆ ಒಂದು ಸಲವಾದರೂ ಹಳೇ ಮದರಾಸು ರಸ್ತೆಯಲ್ಲಿ ಬಂದು ಹೋದವರು. ಆದರೆ ಕಂಡಕ್ಟರಾದವನು ಬಸ್ಸಿನಲ್ಲಿ ಹೊರಗೆ ನೋಡುವುದಿಲ್ಲ, ಜನರ ಕೈ ನೋಡುತ್ತಾನೆ. "ಕೆ.ಆರ್. ಪುರ, ಟಿನ್ ಫ್ಯಾಕ್ಟ್ರಿ, ಹಲಸೂರು" ಎಂದು ಅವರು ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರೂ ಎದ್ದು ಗಂಟುಮೂಟೆ ಹುಡುಕುತ್ತಿದ್ದರು. ಅಂಥ ಗಂಟಲು. ತಾನು ಕೂಗಿದ ಸ್ಟಾಪುಗಳಲ್ಲಿ ಒಂದರಲ್ಲೂ ಇಳಿದು ನೋಡಿದವರಲ್ಲ. ಬಸ್ ನಿಲ್ದಾಣದಲ್ಲಿ ಒಂದು ಟೀ, ಒಂದು ಬೀಡಿ, ಮತ್ತೆ ಗಾಡಿ ವಾಪಸ್.

ಹೋದ ವರ್ಷ ಆ ಗಂಟಲು ಕಟ್ಟಿತು. ಮೊದಲು ಶೀತ ಎಂದುಕೊಂಡರು, ಆಮೇಲೆ ಉಷ್ಣ ಎಂದುಕೊಂಡರು. ಅಕ್ಕ ಶುಂಠಿ ಕಷಾಯ ಕುಡಿಸಿದಳು, ಮೆಣಸು ಜೇನುತುಪ್ಪ ನೆಕ್ಕಿಸಿದಳು. ನಾಲ್ಕು ತಿಂಗಳಾದರೂ ದನಿ ಬಿಡಲಿಲ್ಲ. ಕೋಲಾರದ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಇಲ್ಲಿ ಟ್ಯೂಬು ಬಿಟ್ಟು ನೋಡಿ, ಚೂರು ಮಾಂಸ ತೆಗೆದು, ಹದಿನೈದು ದಿನ ಓಡಾಡಿಸಿ, ಒಂದು ಮಂಗಳವಾರ ಬೆಳಿಗ್ಗೆ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಹೇಳಿದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಪಾಪ, ಅವಳ ಕನ್ನಡದಲ್ಲಿ ತಮಿಳು ಬೆರೆತಿತ್ತು. ಆದರೆ ಆ ದಿನ ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾಗದ ಮಾತು ಒಂದೂ ಇರಲಿಲ್ಲ.

"ವಾಯ್ಸ್ ಬಾಕ್ಸ್ ಪೂರ್ತಿ ತೆಗೀಬೇಕು ಸಾರ್. ಉಸಿರಾಡೋಕೆ ಕುತ್ತಿಗೆ ಮುಂದೆ ಒಂದು ದಾರಿ ಮಾಡ್ತೀವಿ. ಆಮೇಲೆ ಈಗಿನ ತರ ಮಾತು ಬರಲ್ಲ. ಬಿಟ್ರೆ ಪ್ರಾಣಕ್ಕೇ ಕಷ್ಟ. ಗುರುವಾರ ಅಡ್ಮಿಟ್ ಆಗಿ."

ಆ ಹೊತ್ತಿಗೆ ಅಕ್ಕ ಬಾಟಲಿಗೆ ನೀರು ಹಿಡಿದುಕೊಂಡು ಬರುತ್ತೇನೆಂದು ಕೆಳಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ನಾವಿಬ್ಬರೂ ಮೆಟ್ಟಿಲ ಹತ್ತಿರ ನಿಂತಿದ್ದೆವು. ಭಾವ ನನ್ನ ತೋಳು ಹಿಡಿದು, ಆಗಲೇ ಅರ್ಧಕ್ಕರ್ಧ ಗಾಳಿಯಾಗಿದ್ದ ದನಿಯಲ್ಲಿ, "ಮೇಷ್ಟ್ರೇ, ಅವಳಿಗೆ ನೀನೇ ಹೇಳು. ಮಾತಾಡೋದೇ ನಿನ್ನ ಕೆಲಸ ಅಲ್ವಾ?" ಎಂದರು. ಹೇಳುತ್ತೇನೆ ಎಂದೆ. ಅಕ್ಕ ಬಂದು ಡಾಕ್ಟರು ಏನಂದರು ಎಂದು ಕೇಳಿದಳು. "ಒಂದು ಸಣ್ಣ ಆಪರೇಷನ್ನು, ಗಡ್ಡೆ ತೆಗೀತಾರಂತೆ" ಎಂದೆ. ಭಾವ ಬೇರೆ ಕಡೆ ನೋಡಿದರು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ ಇದ್ದಕ್ಕಿದ್ದಂತೆ, "ನಾಳೆ ಬುಧವಾರ ಪೂರ್ತಿ ಖಾಲಿ. ಊರು ತೋರ್ಸಯ್ಯಾ. ಇಷ್ಟು ವರ್ಷ ಬರೀ ಹೆಸರು ಕೂಗಿದೀನಿ, ಇಳಿದು ನೋಡಿಲ್ಲ" ಎಂದರು. ಅಕ್ಕನಿಗೆ ಖುಷಿಯಾಯಿತು. ನನಗೂ ಒಂದು ರೀತಿಯಲ್ಲಿ ಸಮಾಧಾನವಾಯಿತು. ಮನೆಯಲ್ಲಿ ಹೇಳಲು ಆಗದ ಮಾತನ್ನು ಹೊರಗೆ ಯಾವುದಾದರೂ ಒಳ್ಳೆಯ ಜಾಗದಲ್ಲಿ ಕೂರಿಸಿ ಹೇಳಿಬಿಡಬಹುದು ಎಂದುಕೊಂಡೆ. ಒಳ್ಳೆಯ ಜಾಗದಲ್ಲಿ ಹೇಳಿದರೆ ಕೆಟ್ಟ ಸುದ್ದಿ ಸ್ವಲ್ಪ ಹಗುರಾಗುತ್ತದೆ ಎಂದು ಯಾವ ಪುಣ್ಯಾತ್ಮ ನನಗೆ ಕಲಿಸಿದನೋ ಗೊತ್ತಿಲ್ಲ.

ಮಾರನೇ ದಿನ ಶಾಲೆಗೆ ರಜೆ ಹಾಕಿ ಹೊರಟೆವು. ಮೆಟ್ರೋದಲ್ಲಿ ಹೋಗೋಣ, ತಂಪಾಗಿರುತ್ತದೆ ಎಂದರೆ ಭಾವ ಒಪ್ಪಲಿಲ್ಲ, ಬಸ್ಸೇ ಆಗಬೇಕು ಎಂದರು. ಟಿನ್ ಫ್ಯಾಕ್ಟರಿಯಲ್ಲಿ ಹತ್ತಿದೆವು. ಕಿಟಕಿ ಪಕ್ಕದ ಸೀಟು ಅವರಿಗೇ ಸಿಕ್ಕಿತು. ಜೀವಮಾನದಲ್ಲಿ ಮೊದಲ ಸಲ ಆ ರಸ್ತೆಯನ್ನು ಕೂತು ನೋಡುತ್ತಿದ್ದಾರೆ, ನೋಡಲಿ ಎಂದು ನಾನೂ ಸಂಭ್ರಮಪಟ್ಟೆ. ಆದರೆ ಹೊರಗೆ ಏನಿತ್ತು? ಮೆಟ್ರೋ ಕಂಬ, ಕಂಬದ ಮೇಲೆ ಜಾಹೀರಾತು, ಮುಂದೆ ಇನ್ನೊಂದು ಕಂಬ. "ಇಲ್ಲಿ ಮೊದಲು ಏನಿತ್ತಯ್ಯಾ?" ಎಂದು ಕೇಳಿದರು. "ಮರಗಳಿದ್ದವು ಅನ್ಸುತ್ತೆ ಭಾವ" ಎಂದೆ. "ಇದ್ದವೇನೋ. ನೋಡ್ಲಿಲ್ಲ" ಎಂದರು. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಬಂದ. ಅಕ್ಕ ಆಧಾರ್ ಕಾರ್ಡು ತೋರಿಸಿ ಹೆಂಗಸರ ಉಚಿತ ಟಿಕೆಟ್ಟು ಪಡೆದು, ದೇವಸ್ಥಾನದ ಪ್ರಸಾದದ ಹಾಗೆ ಅದನ್ನು ಮಡಿಚಿ ಪರ್ಸಿಗೆ ಹಾಕಿಕೊಂಡಳು. ಆ ಕಂಡಕ್ಟರ್ ಹುಡುಗ ಕಿವಿಗೆ ವೈರು ಸಿಕ್ಕಿಸಿಕೊಂಡು, ಸ್ಟಾಪಿನ ಹೆಸರನ್ನು ತನಗೆ ತಾನೇ ಗುಟ್ಟು ಹೇಳಿಕೊಳ್ಳುವಂತೆ ಹೇಳುತ್ತಿದ್ದ. ಭಾವ ಅವನನ್ನು ಬಹಳ ಹೊತ್ತು ನೋಡಿ ನನ್ನ ಕಿವಿಯ ಹತ್ತಿರ ಬಂದರು. "ದನಿ ಇದೆ, ಕೂಗಲ್ಲ ನೋಡು."

ಹಲಸೂರಿನಲ್ಲಿ ಇಳಿದು ಸೋಮೇಶ್ವರನ ಗುಡಿಗೆ ಹೋದೆವು. ನಾನು ಒಳಗೆ ಹೋಗಿದ್ದು ಅದೇ ಮೊದಲು. ಹೊರಗೆ ಅಷ್ಟೊಂದು ಹಾರ್ನು, ಒಳಗೆ ಕಾಲಿಟ್ಟರೆ ಕಲ್ಲು ತಣ್ಣಗಿತ್ತು. ಅಕ್ಕ ಕೈಮುಗಿದು, ಭಾವನ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಪ್ರದಕ್ಷಿಣೆ ಬರುತ್ತಾ ಗೋಡೆಯ ಮೇಲೆ ಕೆತ್ತಿದ್ದ ಗಿರಿಜಾ ಕಲ್ಯಾಣದ ಸಾಲಿನ ಎದುರು ನಿಂತಳು. ಭಾವ ಒಂದು ಕಂಬಕ್ಕೆ ಒರಗಿ ಕೂತಿದ್ದರು. ಸುತ್ತ ಯಾರೂ ಇರಲಿಲ್ಲ. ಇದೇ ಸರಿಯಾದ ಜಾಗ ಎಂದುಕೊಂಡೆ.

"ಅಕ್ಕಾ" ಎಂದೆ.

"ಏನೋ ಸೀನಾ?"

ಅವಳ ಹಣೆಯ ಮೇಲೆ ಆಗ ತಾನೇ ಹಚ್ಚಿದ ಕುಂಕುಮ ಇನ್ನೂ ಹಸಿಯಾಗಿತ್ತು. ನನ್ನ ನಾಲಿಗೆ ಒಂದು ಸುತ್ತು ತಿರುಗಿ, "ಈ ಗುಡಿ ಚೋಳರ ಕಾಲದ್ದು ಗೊತ್ತಾ?" ಎಂದಿತು. ಶುರುವಾದದ್ದು ನಿಲ್ಲಲಿಲ್ಲ. ಚೋಳರು ಮುಗಿದ ಮೇಲೆ ಕೆಂಪೇಗೌಡರು ಬಂದರು, ಅವರ ಹಿಂದೆ ವಿಜಯನಗರದವರು ಬಂದರು. ಕಂಬದ ಮೇಲೆ ರಾವಣ ಕೈಲಾಸ ಎತ್ತುತ್ತಿದ್ದ. ಅವನಿಗೆ ಹತ್ತು ತಲೆ ಯಾಕೆ ಎಂದು ವಿವರಿಸಿದೆ. ನಾನು ಹೇಳಿದ್ದರಲ್ಲಿ ಯಾವುದು ನಿಜ, ಯಾವುದು ಹಾಗಿರಬಹುದು, ಯಾವುದು ಖಂಡಿತ ಸುಳ್ಳು ಎಂಬುದು ನನಗೇ ತಿಳಿಯದಷ್ಟು ಹೇಳಿದೆ. ಅಕ್ಕ ಭಕ್ತಿಯಿಂದ ಕೇಳಿದಳು. "ಎಷ್ಟೊಂದು ತಿಳ್ಕೊಂಡಿದೀಯೋ" ಎಂದು ಮೆಚ್ಚಿದಳು. ಕಂಬದ ಹತ್ತಿರ ಕೂತಿದ್ದ ಭಾವ ನನ್ನನ್ನೇ ನೋಡುತ್ತಿದ್ದರು. ಪಾಠ ಓದದೆ ಬಂದು ಉತ್ತರ ಹೇಳುವ ಹುಡುಗನನ್ನು ನಾನು ತರಗತಿಯಲ್ಲಿ ನೋಡುತ್ತೇನಲ್ಲ, ಹಾಗೆ.

ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಎಂ.ಜಿ. ರಸ್ತೆಗೆ ಬಂದು, ನಡೆದುಕೊಂಡು ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದ ಮ್ಯೂಸಿಯಂ ಸೇರಿದೆವು. ಆನೆದಂತ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಅಕ್ಕ ಕಾಲು ನೋಯುತ್ತದೆಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು. ಭಾವನೂ ನಾನೂ ಕಲ್ಲುಗಳ ನಡುವೆ ಓಡಾಡಿದೆವು. ಒಂದು ವೀರಗಲ್ಲಿನ ಮುಂದೆ ಅವರು ನಿಂತುಬಿಟ್ಟರು. ಕೆಳಗಿನ ಸಾಲಿನಲ್ಲಿ ಒಬ್ಬ ಬಿಲ್ಲು ಹಿಡಿದು ಹೋರಾಡುತ್ತಿದ್ದ, ಮೈತುಂಬ ಬಾಣ ನೆಟ್ಟಿತ್ತು. ನಡುವಿನ ಸಾಲಿನಲ್ಲಿ ಇಬ್ಬರು ಹೆಂಗಸರು ಅವನನ್ನು ಮೇಲೆ ಕರೆದೊಯ್ಯುತ್ತಿದ್ದರು. ಪಕ್ಕದಲ್ಲಿ ಹಳಗನ್ನಡದ ನಾಲ್ಕೈದು ಸಾಲುಗಳು.

"ಓದು" ಎಂದರು ಭಾವ.

ಹಳಗನ್ನಡ ಅಚ್ಚಾದ ಪುಸ್ತಕದಲ್ಲಿದ್ದು, ಕೆಳಗೆ ಅರ್ಥವೂ ಇದ್ದರೆ ನಾನು ಚೆನ್ನಾಗಿ ಓದುತ್ತೇನೆ. ಕಲ್ಲಿನ ಮೇಲೆ ಸವೆದುಹೋದ ಅಕ್ಷರದಲ್ಲಿ ನನಗೆ ಗುರುತು ಸಿಕ್ಕಿದ್ದು ಒಂದು ದುಂಡಗಿನ ಗೆರೆ ಮಾತ್ರ. ಅದು 'ರ' ಇರಬಹುದು, ಪೆಟ್ಟು ಬಿದ್ದ ಗುರುತೂ ಇರಬಹುದು. ಆದರೂ ಕನ್ನಡ ಮೇಷ್ಟರ ಮಾನ ಉಳಿಸಬೇಕಿತ್ತು. "ಇವನು ಊರಿನ ದನ ಹೊಡ್ಕೊಂಡ್ ಹೋಗೋಕೆ ಬಂದ ಕಳ್ಳರ ಜೊತೆ ಕಾದಾಡಿ ಸತ್ತ ಅಂತಿದೆ ಭಾವ. ಸ್ವರ್ಗಕ್ಕೆ ಹೋದ ಅಂತಲೂ ಇದೆ."

ಭಾವ ಕಲ್ಲಿಗೆ ಇನ್ನೂ ಹತ್ತಿರ ಬಾಗಿ ಅವನ ಮುಖ ನೋಡಿದರು. ಮುಖ ಸವೆದಿತ್ತು, ಬಾಯಿ ಇರುವ ಕಡೆ ಒಂದು ಕುಳಿ ಇತ್ತು.

"ಹಿಂದಿನ ದಿನ ಇವನು ಹೆದರಿಕೊಂಡಿದ್ನಾ? ಅದೇನಾದ್ರೂ ಬರೆದಿದಾರಾ?"

ಇಪ್ಪತ್ತೇಳು ವರ್ಷದ ಸರ್ವೀಸಿನಲ್ಲಿ ಯಾವ ಹುಡುಗನೂ ನನ್ನನ್ನು ಅಂಥ ಪ್ರಶ್ನೆ ಕೇಳಿಲ್ಲ. "ಅದನ್ನೆಲ್ಲ ಬರೆಯಲ್ಲ ಭಾವ" ಎಂದೆ. ಅವರು ತಲೆಯಾಡಿಸಿ, ಗೋಡೆಯ ಕಡೆ ಒಂದು ಸಲ ನೋಡಿ, ಬೆಂಚಿನ ಕಡೆ ಕೈ ತೋರಿಸಿದರು. ಅಲ್ಲಿ ಅಕ್ಕ ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಳು. "ಹೇಳಿದ್ಯಾ?" ಎಂದರು. "ಇನ್ನೂ ಇಲ್ಲ" ಎಂದೆ. "ಇವತ್ತಿನೊಳಗೆ ಹೇಳಯ್ಯಾ. ಅವಳು ಏನಾದ್ರೂ ಕೇಳಿದ್ರೆ ಉತ್ತರ ಹೇಳೋಕೆ ನನಗೆ ಇವತ್ತೊಂದೇ ದಿನ ಇರೋದು." ಇಷ್ಟು ಉದ್ದದ ಮಾತಾಡಿದ್ದಕ್ಕೆ ಅವರಿಗೆ ಕೆಮ್ಮು ಬಂತು. ಕಾವಲುಗಾರ ಬಂದು ನೀರು ಕೊಡಲೇ ಎಂದು ಕೇಳಿದ.

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಊಟವಾದ ಮೇಲೆ ಹೇಳುವುದು ಎಂದು ನಿಶ್ಚಯಿಸಿದೆ. ಶಿವಾಜಿನಗರದ ಕಡೆ ಆಟೋ ಹಿಡಿದು, ಒಂದು ಹೋಟೆಲಿನಲ್ಲಿ ಅನ್ನ ಸಾರು ತಿಂದೆವು. ಭಾವನಿಗೆ ನುಂಗಲು ಕಷ್ಟ; ಮಜ್ಜಿಗೆಯಲ್ಲಿ ಅನ್ನ ಕಿವುಚಿ ಅಕ್ಕನೇ ಕಲಸಿಕೊಟ್ಟಳು. ಊಟವಾದ ಮೇಲೆ ಹೇಳಬೇಕಿದ್ದವನು ಕೈ ತೊಳೆದುಕೊಂಡು ಬಂದು, ರಸೆಲ್ ಮಾರ್ಕೆಟ್ಟನ್ನು ಯಾರು ಕಟ್ಟಿಸಿದರು ಎಂದು ಶುರುಮಾಡಿದೆ. ಯಾರು ಕಟ್ಟಿಸಿದರೆಂದು ನನಗೆ ಗೊತ್ತಿರಲಿಲ್ಲ, ಆದ್ದರಿಂದ ಆ ವಿಷಯ ಬಹಳ ಹೊತ್ತು ಹಿಡಿಯಿತು.

ಅಕ್ಕ ಆಸ್ಪತ್ರೆಯವರು ಕೊಟ್ಟ ಚೀಟಿ ತೆಗೆದಳು. ಅಡ್ಮಿಟ್ ಆಗುವಾಗ ತರಬೇಕಾದ ವಸ್ತುಗಳನ್ನು ಅದರಲ್ಲಿ ಬರೆದಿತ್ತು. "ಕುತ್ತಿಗೆ ಬಿಗಿಯಾಗದ, ಮುಂದೆ ಗುಂಡಿ ಇರೋ ಅಂಗಿ ತರಬೇಕು ಅಂತ ಇದೆ. ಇವರ ಅಂಗಿಗಳಿಗೆಲ್ಲ ಮೇಲಿನ ಗುಂಡಿ ಕಿತ್ತುಹೋಗಿದೆ. ಇಲ್ಲೇ ಎಲ್ಲಾದ್ರೂ ಗುಂಡಿ ತಗೊಳ್ಳೋಣ. ಅದಿರಲಿ, ಗಂಟಲೊಳಗಿನ ಗಡ್ಡೆ ತೆಗೆಯೋಕೆ ಅಂಗಿ ಯಾಕೋ ಸಡಿಲ ಇರಬೇಕು?" ಎಂದಳು. "ಗಾಳಿ ಆಡೋಕೆ" ಎಂದೆ. ಅದು ನಾನು ಆ ದಿನ ಆಡಿದ ಅತ್ಯಂತ ನಿಜವಾದ ಮಾತು ಎಂದು ಆಮೇಲೆ ಹೊಳೆಯಿತು.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಒಂದು ಗಲ್ಲಿಯಲ್ಲಿ ಇಮ್ತಿಯಾಜ್ ಎಂಬ ನನ್ನ ಹಳೆಯ ವಿದ್ಯಾರ್ಥಿಯ ಅಂಗಡಿ ಇದೆ. ಗುಂಡಿ, ಲೇಸು, ಸೀರೆಯ ಫಾಲು, ಲೈನಿಂಗ್ ಬಟ್ಟೆ. ಅವನ ತಂದೆ ಇಟ್ಟ ಅಂಗಡಿ ಅದು. ನಾನು ಅಲ್ಲಿಗೆ ಹೋಗಿ ಐದಾರು ವರ್ಷವಾಗಿತ್ತು. ಅವನು ನನ್ನನ್ನು ನೋಡುತ್ತಲೇ ಎದ್ದು ನಿಂತು, ಸ್ಟೂಲು ಒರೆಸಿ, ಅಕ್ಕ-ಭಾವನನ್ನು ಕೂರಿಸಿ, ಚಹಾಕ್ಕೆ ಹೇಳಿದ. ಬಹಳ ಮರ್ಯಾದಸ್ಥ. ಆದರೆ ಬಾಯಿ ಸುಮ್ಮನಿರದು.

"ಸಾರ್, ನೀವು ಬರೆಸಿದ್ರಲ್ಲ, ಮ್ಯೂಸಿಯಂ ಪ್ರಬಂಧ? ಮಕ್ಕಳನ್ನ ಕರ್ಕೊಂಡು ಹೋಗಿದ್ದೆ ಸಾರ್. ಆನೆ ದಂತ ಎಲ್ಲಿ ಅಂತ ವಾಚ್‌ಮನ್‌ನ ಕೇಳ್ದೆ. ನನ್ನನ್ನೇ ಒಂಥರಾ ನೋಡ್ದ."

ನಾನು ವಿಷಯ ಬದಲಿಸಲು ಗುಂಡಿ ತೋರಿಸು ಎಂದೆ. ಅಕ್ಕ ಚೀಟಿಯನ್ನೇ ಅವನ ಕೈಗೆ ಕೊಟ್ಟಳು. "ಇವರಿಗೆ ಗಂಟಲಲ್ಲಿ ಆಪರೇಷನ್ನಪ್ಪಾ. ಇಂಥ ಅಂಗಿಗೆ ಹಾಕೋ ಗುಂಡಿ ಕೊಡು." ಅವನು ಚೀಟಿ ಓದಿದ. ಭಾವನ ಕುತ್ತಿಗೆ ನೋಡಿದ. ಭಾವ "ನಮಸ್ಕಾರ" ಎಂದರು. ಆ ದನಿ ಕೇಳಿದ. ನಾನು ಅಕ್ಕನ ಬೆನ್ನ ಹಿಂದೆ ನಿಂತು ಕಣ್ಣು, ಹುಬ್ಬು, ತುಟಿ, ಇದ್ದಬದ್ದ ಅಂಗವನ್ನೆಲ್ಲ ಬಳಸಿ ಬೇಡ ಬೇಡ ಎಂದು ಸನ್ನೆ ಮಾಡಿದೆ. ಅವನಿಗೆ ನನ್ನ ಪಾಠವೇ ಯಾವತ್ತೂ ತಿಳಿದಿರಲಿಲ್ಲ, ಸನ್ನೆ ಎಲ್ಲಿ ತಿಳಿಯಬೇಕು?

"ಅಯ್ಯೋ, ನಮ್ ಅಬ್ಬಾಗೂ ಇದೇ ಆಪರೇಷನ್ ಅಮ್ಮಾ. ವಾಯ್ಸ್ ಬಾಕ್ಸ್ ತೆಗೆದು ಇಲ್ಲಿ ತೂತು ಇಟ್ಟಿದ್ರು. ಮಾತು ಹೋಯ್ತು ಅಂತ ಮೊದಲು ನಾವೆಲ್ಲ ಅತ್ವಿ. ಆಮೇಲೆ ಅಭ್ಯಾಸ ಆಯ್ತು. ಭಯ ಪಡ್ಬೇಡಿ."

ಗಲ್ಲಿಯಲ್ಲಿ ಒಂದು ಸ್ಕೂಟರ್ ಹಾರ್ನ್ ಬಾರಿಸುತ್ತಲೇ ಇತ್ತು. ಅಕ್ಕ ಭಾವನ ಕಡೆ ನೋಡಿದಳು. ಭಾವ ನನ್ನ ಕಡೆ ನೋಡಿದರು. ನಾನು ಲೇಸಿನ ಉರುಳೆಗಳ ಕಡೆ ನೋಡಿದೆ. ಅಲ್ಲಿ ನಾನಾ ಬಣ್ಣದ ಲೇಸುಗಳಿದ್ದವು. ಅಕ್ಕ ಅಳುತ್ತಾಳೆ, ಕುಸಿದು ಬೀಳುತ್ತಾಳೆ ಎಂದೆಲ್ಲ ನಾನು ಮುಂಚಿನ ದಿನದಿಂದ ಹೆದರಿದ್ದೆ. ಅವಳು ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಇಮ್ತಿಯಾಜನನ್ನು ಕೇಳತೊಡಗಿದಳು.

"ಊಟ ಹೇಗಪ್ಪಾ?"

"ಬಾಯಲ್ಲೇ ಅಮ್ಮಾ. ಮೊದಲು ಟ್ಯೂಬು, ಆಮೇಲೆ ಎಲ್ಲ ತಿಂತಿದ್ರು. ಬಿರಿಯಾನಿನೂ ತಿಂತಿದ್ರು."

"ಸ್ನಾನ?"

"ತೂತಿಗೆ ನೀರು ಹೋಗಬಾರದು. ನಾನೇ ಮಾಡಿಸ್ತಿದ್ದೆ. ಇಲ್ಲಿ ಮುಂದೆ ಕಟ್ಟೋಕೆ ಮೆತ್ತಗಿನ ಬಟ್ಟೆ ಬೇಕು, ಧೂಳು ಹೋಗಬಾರದು. ಅಮ್ಮೀ ಹೊಲಿದು ಕೊಡ್ತಿದ್ಲು. ತಡೀರಿ, ಆ ಬಟ್ಟೆ ಕೊಡ್ತೀನಿ."

"ಏನಾದ್ರೂ ಬೇಕು ಅಂದ್ರೆ ಹೇಗೆ ಹೇಳೋರು?"

"ಗಲ್ಲಾ ಪೆಟ್ಟಿಗೆ ಮೇಲೆ ಬೆರಳಲ್ಲಿ ಬಡಿಯೋರು ಅಮ್ಮಾ. ಬೈಯೋದೂ ಹಾಗೇ ಬೈಯೋರು. ಬಾಯಲ್ಲಿ ಬೈದಾಗ ನಾನು ಹೆದರ್ತಿರ್ಲಿಲ್ಲ, ಹಾಗೆ ಬಡಿದ್ರೆ ಹೆದರ್ತಿದ್ದೆ."

ಹತ್ತನೇ ತರಗತಿಯಲ್ಲಿ ಇದೇ ಇಮ್ತಿಯಾಜ್ ವರ್ತಮಾನಕಾಲಕ್ಕೂ ಭೂತಕಾಲಕ್ಕೂ ವ್ಯತ್ಯಾಸ ತಿಳಿಯದೆ ಕಲಸಿ ಬರೆಯುತ್ತಿದ್ದ, ನಾನು ಕೆಂಪು ಪೆನ್ನಿನಲ್ಲಿ ಗೀರಿ ಗೀರಿ ಅಂಕ ಕಳೆಯುತ್ತಿದ್ದೆ. ಈಗ ಅವನ ಒಂದು ವಾಕ್ಯದಲ್ಲೂ ತಪ್ಪಿರಲಿಲ್ಲ. ತಿಂತಿದ್ರು, ಬಡಿಯೋರು, ಮಾಡಿಸ್ತಿದ್ದೆ. ಒಂದಾದರೂ ತಪ್ಪು ಮಾಡೋ, ಒಂದು ಸಲ ತಿಂತಾರೆ ಅನ್ನೋ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳಿಗೆ ಇದೆಲ್ಲ ತಿಳಿಯಲಿಕ್ಕಿಲ್ಲ ಎಂದು ಧೈರ್ಯ ತಂದುಕೊಂಡೆ. ಅವಳು ಗುಂಡಿಗಳನ್ನು ಅಂಗೈಯಲ್ಲಿ ಹಾಕಿಕೊಂಡು, ತಲೆ ಎತ್ತದೆ ಕೇಳಿದಳು.

"ಎಷ್ಟು ವರ್ಷ ಇದ್ರು?"

ಇಮ್ತಿಯಾಜ್ ಬಟ್ಟೆ ಅಳೆಯುವುದನ್ನು ನಿಲ್ಲಿಸಿದ. "ಮೂರು ವರ್ಷ ಚೆನ್ನಾಗಿದ್ರು ಅಮ್ಮಾ" ಎಂದ. ಆಮೇಲೆ ಅವನಿಗೆ ತಾನು ಏನು ಮಾಡಿದೆ ಎಂಬುದು ತಿಳಿಯಿತೆಂದು ಕಾಣುತ್ತದೆ. ಬಟ್ಟೆಯನ್ನು ಎರಡು ಸಲ ಮಡಿಚಿ, ಕಾಗದದಲ್ಲಿ ಸುತ್ತಿ, ಏನೂ ತೆಗೆದುಕೊಳ್ಳದೆ ಅಕ್ಕನ ಕೈಗಿಟ್ಟು, "ಗುಣ ಆಗ್ತಾರೆ ಅಮ್ಮಾ, ಇವರು ಗಟ್ಟಿ ಇದಾರೆ" ಎಂದ.

ಹೊರಗೆ ಬಂದ ಮೇಲೆ ಅಕ್ಕ ಒಂದು ಚಪ್ಪಲಿ ಅಂಗಡಿಯ ಮುಂದೆ ನಿಂತಳು. ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು. ನನಗೆ ಅವಳು ಎರಡೇ ಮಾತು ಹೇಳಿದ್ದು. "ಬೆಳಿಗ್ಗೆಯಿಂದ ಸಾವಿರ ವರ್ಷದ ಹಿಂದಿನ ರಾಜರ ಸಮಾಚಾರ ಎಲ್ಲ ಹೇಳಿದೆ ಸೀನಾ. ನನ್ನ ಗಂಡನ ಸಮಾಚಾರ ಒಂದು ನಿನಗೆ ಗೊತ್ತಿರಲಿಲ್ವಾ?" ನಾನು ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಹಿಡಿದು, ಭಾವನ ಕಡೆ ತಿರುಗಿದಳು.

"ರೀ, ನನ್ನ ಹೆಸರು ಹಿಡಿದು ಕರೀರಿ."

ನಮ್ಮ ಕಡೆ ಆ ಕಾಲದ ಗಂಡಸರು ಹೆಂಡತಿಯ ಹೆಸರು ಹಿಡಿಯುತ್ತಿರಲಿಲ್ಲ. 'ಏನೇ', 'ಇವಳೇ', ಕೋಪ ಬಂದರೆ 'ನಿನ್ನನ್ನೇ'. ಮೂವತ್ತೊಂದು ವರ್ಷ ದಾರಿಯುದ್ದದ ಊರುಗಳ ಹೆಸರನ್ನೆಲ್ಲ ಕೂಗಿದ ಮನುಷ್ಯ ಅಕ್ಕನ ಹೆಸರು ಹಿಡಿದು ಒಂದು ಸಲವೂ ಕರೆದದ್ದನ್ನು ನಾನು ಕೇಳಿರಲಿಲ್ಲ. ಭಾವ ಮುಜುಗರದಿಂದ ಸುತ್ತ ನೋಡಿದರು. "ಇಲ್ಲೇನಾ?" ಎಂಬಂತೆ ಹುಬ್ಬೇರಿಸಿದರು. "ಇಲ್ಲೇ. ಆಮೇಲೆ ಯಾವಾಗ?" ಎಂದಳು ಅಕ್ಕ.

ಅವರು ಎದೆ ತುಂಬ ಉಸಿರು ಎಳೆದುಕೊಂಡು, ಕುತ್ತಿಗೆಯ ನರ ಉಬ್ಬಿಸಿ ಬಾಯಿ ತೆರೆದರು. ಅದೇ ಹೊತ್ತಿಗೆ ಎರಡು ಆಟೋ ಎದುರುಬದುರಾಗಿ ಗಲ್ಲಿಯೊಳಗೆ ಸಿಕ್ಕಿಹಾಕಿಕೊಂಡು ಹಾರ್ನು ಹೊಡೆದವು. ಬಳೆ ಮಾರುವವನು ಕೂಗಿದ. ತುಟಿ ಆಡಿದ್ದು ಕಂಡಿತು. ಎರಡಡಿ ದೂರದಲ್ಲಿ ನಿಂತಿದ್ದ ನನಗೆ ಏನೂ ಕೇಳಿಸಲಿಲ್ಲ. ದನಿ ಹೊರಟಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಕೇಳಿಸ್ತು" ಎಂದಳು ಅಕ್ಕ. ಸೆರಗು ಸರಿಮಾಡಿಕೊಂಡು, "ನಡೀರಿ, ಬಸ್ ಹಿಡಿಯೋಣ" ಎಂದಳು. ಶಿವಾಜಿನಗರದಿಂದ ಮನೆಯವರೆಗೆ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ನಾನು ಹಿಂದೆ ನಿಂತಿದ್ದೆ. ಅವರು ಏನೋ ಮಾತಾಡಿಕೊಳ್ಳುತ್ತಿದ್ದರು, ಅಕ್ಕ ಕಿವಿಯನ್ನು ಅವರ ಬಾಯಿಗೆ ಕೊಟ್ಟಿದ್ದಳು. ಕೇಳಿಸಿಕೊಳ್ಳುವ ಆಸೆಯಿಂದ ನಾನು ಎರಡು ಸಲ ಬಾಗಿದೆ. ಬಸ್ಸು ಬ್ರೇಕು ಹಾಕಿ ನನ್ನನ್ನು ನೆಟ್ಟಗೆ ನಿಲ್ಲಿಸಿತು.

ಆಪರೇಷನ್ ಆಯಿತು. ನಾಲ್ಕನೇ ದಿನ ಭಾವನಿಗೆ ಕೂರುವ ಶಕ್ತಿ ಬಂದಾಗ ನಾನು ಶಾಲೆಯಿಂದ ಒಂದು ನೋಟುಬುಕ್ಕು, ಪೆನ್ನು ತಂದುಕೊಟ್ಟೆ. ಸಾವಿನ ಬಾಗಿಲಿಗೆ ಹೋಗಿ ಬಂದ ಮನುಷ್ಯ, ಮಾತು ಕಳೆದುಕೊಂಡ ಮೇಲೆ ಬರೆಯುವ ಮೊದಲ ವಾಕ್ಯ. ನಾನು ಕನ್ನಡ ಮೇಷ್ಟರಿಗೆ ತಕ್ಕ ಗಾಂಭೀರ್ಯದಿಂದ ಕಾದು ಕೂತೆ. ಅವರು ಬಹಳ ಹೊತ್ತು ಬರೆದು ನನ್ನ ಕಡೆ ತಿರುಗಿಸಿದರು. 'ಫ್ಯಾನು ಜೋರು ಮಾಡು' ಎಂದಿತ್ತು.

ಆಮೇಲೆ ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಲು ಬರತೊಡಗಿದರು. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೇ ಎಲ್ಲಾದರೂ ಒಂದು ಜಾಗ ನೋಡಿಕೊಂಡು ಮುಳಬಾಗಿಲಿನ ಬಸ್ಸು ಹತ್ತುತ್ತಾರೆ. ಒಂದು ಸಲ ಹಲಸೂರು ಕೆರೆಯ ದಂಡೆ, ಒಂದು ಸಲ ಶಿವಾಜಿನಗರದ ಚರ್ಚು. ಅಲ್ಲಿ ಅಕ್ಕ ಮೇಣದಬತ್ತಿ ಹಚ್ಚಿದಳಂತೆ. ಇದು ನನಗೆ ಗೊತ್ತಾಗುವುದು ಅವರು ಊರು ಸೇರಿದ ಮೇಲೆ. ನನಗೂ ಒಂದು ಮಾತು ಹೇಳಿದ್ದರೆ ಬರುತ್ತಿದ್ದೆನಲ್ಲ ಎಂದು ಫೋನಿನಲ್ಲಿ ಆಕ್ಷೇಪಿಸಿದೆ. "ಬೇಡ ಕಣೋ" ಎಂದಳು ಅಕ್ಕ. "ನೀನು ಬಂದ್ರೆ ಮಾತಾಡ್ತೀಯ."

ಹೋದ ತಿಂಗಳು ಬಂದಾಗ ಡಾಕ್ಟರಮ್ಮ ಭಾವನ ಕುತ್ತಿಗೆಯ ಎಡಗಡೆ ಬೆರಳಾಡಿಸಿ, ಮತ್ತೆ ಬೆರಳಾಡಿಸಿ, ಕೈ ತೊಳೆದುಕೊಂಡು ಬಂದು ಕೂತಳು. ಈ ಸಲ ಅಕ್ಕ ಎದುರಿನ ಕುರ್ಚಿಯಲ್ಲಿದ್ದಳು, ನಾನು ಹಿಂದೆ ನಿಂತಿದ್ದೆ. ಇನ್ನೊಂದು ಗಂಟು ಕೈಗೆ ಸಿಗುತ್ತಿದೆ, ಸ್ಕ್ಯಾನ್ ಮಾಡಿಸಿ ನೋಡೋಣ ಎಂದು ಅವಳು ಅಕ್ಕನಿಗೇ ನೇರವಾಗಿ ಹೇಳಿದಳು. ಅಕ್ಕ "ಆಗಲಿ" ಎಂದಳು. ಹೊರಗೆ ಬಂದ ಮೇಲೆ ನನ್ನ ಮುಖ ಹೇಗಿತ್ತೋ ಏನೋ, "ಕಬ್ಬನ್ ಪಾರ್ಕಿಗೆ ಹೋಗ್ತಾ ಇದೀವಿ. ಬಾ. ಆದ್ರೆ ಬಾಯಿ ಮುಚ್ಕೊಂಡಿರಬೇಕು" ಎಂದಳು.

ಬಿದಿರು ಮೆಳೆಯ ಹತ್ತಿರ ಒಂದು ಬೆಂಚು ಸಿಕ್ಕಿತು. ಭಾವ ನಡುವೆ ಕೂತರು. ಅಕ್ಕ ಅವರ ಕುತ್ತಿಗೆಯ ಮುಂದಿನ ಬಟ್ಟೆಯ ಗಂಟನ್ನು ಬಿಚ್ಚಿ ಸಡಿಲವಾಗಿ ಕಟ್ಟಿದಳು. ಅದರ ಹಿಂದಿನಿಂದ ಉಸಿರು ಒಂದೊಂದೇ ಸಣ್ಣ ಸದ್ದು ಮಾಡಿಕೊಂಡು ಹೋಗಿ ಬರುತ್ತಿತ್ತು. ಒಂದು ಅಳಿಲು ಬಂತು, ಹೋಯಿತು. ಅವರಿಬ್ಬರೂ ಮರಗಳನ್ನು ನೋಡುತ್ತಾ ಕೂತಿದ್ದರು, ಬೇರೆ ಏನೂ ಕೆಲಸವಿಲ್ಲದವರಂತೆ. ನಾನೂ ಸುಮ್ಮನಿದ್ದೆ. ಆ ಉಸಿರಿನ ಸದ್ದನ್ನು ಎಣಿಸಬಾರದೆಂದು ಎಷ್ಟು ಅಂದುಕೊಂಡರೂ ಎಣಿಸುತ್ತಿದ್ದೆ. ಹತ್ತು ನಿಮಿಷ ಕಳೆದಿರಬೇಕು. ಇನ್ನು ಬಾಯಿ ತಡೆಯಲಾಗಲಿಲ್ಲ.

"ಈ ಬಿದಿರು ಇದೆಯಲ್ಲ ಅಕ್ಕಾ, ಇದು ಅರವತ್ತು ವರ್ಷಕ್ಕೊಮ್ಮೆ ಹೂ ಬಿಡುತ್ತೆ. ಬಿಟ್ಟ ಮೇಲೆ ಇಡೀ ಮೆಳೆನೇ ಒಣಗಿ..." ಎಂದವನು ಮುಂದಿನ ಮಾತು ಏನೆಂದು ನೆನಪಾಗಿ ಅಲ್ಲಿಗೇ ನಿಲ್ಲಿಸಿಬಿಟ್ಟೆ.

ಭಾವನ ಭುಜ ಕುಲುಕಿತು. ಅವರು ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ನಗಲಿಲ್ಲ.

"ಸೀನಾ, ಅಳೋದಾದ್ರೆ ಅತ್ತುಬಿಡು. ಅದನ್ನ ಬಿದಿರಿನ ಮೇಲೆ ಯಾಕೆ ಹಾಕ್ತೀಯ?" ಎಂದಳು.

ನಾನು ಅಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಬಿದಿರು ಎಷ್ಟು ವರ್ಷಕ್ಕೊಮ್ಮೆ ಹೂ ಬಿಡುತ್ತದೆಂದು ನನಗೆ ಸರಿಯಾಗಿ ಗೊತ್ತಿಲ್ಲ ಎಂದು ಒಪ್ಪಿಕೊಂಡೆ.